ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ರಾಜ್ಯಶಾಸ್ತ್ರ ಮತ್ತು ಪ್ರಚಲಿತ ವಿದ್ಯಮಾನ: ಓದುವುದು ಹೇಗೆ?

(ಸಂಸ್ಥೆಯ ವಾರ್ಷಿಕೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಮ್ಮ ಊರುಗಳಲ್ಲಿ ರಾಜಕೀಯ ಮಾತನಾಡದವರು ಯಾರಿದ್ದಾರೆ? ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಲ್ಲೆಡೆ ಅದೇ ಮಾತು. ಯಾರು ಮಂತ್ರಿಯಾಗುತ್ತಾರೆ, ಯಾರು ಪಕ್ಷ ಬಿಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಂದು ರಾಜ್ಯದಲ್ಲಿ ಎಷ್ಟು ಮಂದಿ ಮಂತ್ರಿಗಳಿರಬಹುದು, ಪಕ್ಷ ಬಿಟ್ಟ ಶಾಸಕನ ಸದಸ್ಯತ್ವ ರದ್ದು ಮಾಡುವವರು ಯಾರು ಎಂದು ಕೇಳಿದರೆ ಅಲ್ಲಿ ಮಾತು ನಿಂತುಹೋಗುತ್ತದೆ. ಪರೀಕ್ಷೆ ಆರಂಭವಾಗುವುದು ಈ ಎರಡನೆಯ ಬಗೆಯ ಪ್ರಶ್ನೆಯಿಂದ. ಇಂದು ನಾನು ಹೇಳಬೇಕೆಂದಿರುವುದರ ಸಾರ ಇಷ್ಟೇ.

2006ರಲ್ಲಿ ಬಂದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ವರದಿ ಐಎಎಸ್ ಅಧಿಕಾರಿಗಳಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4 ಎಂದು ಹೇಳಿತ್ತು. ಈ ಅಂಕಿಗಳನ್ನು ನಾವು ಅನೇಕ ವೇದಿಕೆಗಳಲ್ಲಿ ಕೇಳಿದ್ದೇವೆ. ಅಂಕಿ ಹೇಳಿ ನೊಂದುಕೊಳ್ಳುವುದರಿಂದ ಒಬ್ಬನೂ ಉತ್ತೀರ್ಣನಾಗುವುದಿಲ್ಲ. ಆದ್ದರಿಂದ ಓದುವ ಕ್ರಮದ ಬಗ್ಗೆಯೇ ಮಾತನಾಡೋಣ.

ಮೊದಲು ಪಠ್ಯಕ್ರಮ

ಯಾವ ಪರೀಕ್ಷೆಗೆ ಓದುತ್ತಿದ್ದೀರಿ ಎಂಬುದು ನಿಮಗೆ ಸ್ಪಷ್ಟವಿರಲಿ. ಯುಪಿಎಸ್‌ಸಿ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಡಿತ. ಮುಖ್ಯ ಪರೀಕ್ಷೆಯಲ್ಲಿ ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿವೆ. ಅವುಗಳಲ್ಲಿ ಎರಡನೆಯದು ಸಂವಿಧಾನ, ಆಡಳಿತ, ಸಾಮಾಜಿಕ ನ್ಯಾಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳಿಗೇ ಮೀಸಲು. ಅದಕ್ಕೆ 250 ಅಂಕ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಿದೆ. ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆಯಲ್ಲಿ, ಪಿಡಿಒ, ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳಲ್ಲಿ ಕೂಡ ಸಂವಿಧಾನ ಮತ್ತು ಪ್ರಚಲಿತ ವಿದ್ಯಮಾನ ಇದ್ದೇ ಇರುತ್ತದೆ. ಅಂದರೆ ಈ ಒಂದು ವಿಷಯವನ್ನು ಗಟ್ಟಿಯಾಗಿ ಓದಿದವನಿಗೆ ಹತ್ತು ಬಾಗಿಲುಗಳಲ್ಲಿ ಪ್ರಯೋಜನವಿದೆ. ಆಯಾ ವರ್ಷದ ಅಧಿಸೂಚನೆಯನ್ನು ನೀವೇ ಪೂರ್ತಿ ಓದಿ. ಸ್ನೇಹಿತರು ಹೇಳಿದ್ದನ್ನು ನಂಬಿ ಕೂರಬೇಡಿ.

ಪತ್ರಿಕೆಯ ಪಕ್ಕದಲ್ಲಿ ಸಂವಿಧಾನ

ನಮ್ಮ ಹುಡುಗರಲ್ಲಿ ಹೆಚ್ಚಿನವರು ಮಾಡುವುದೇನು? ತಿಂಗಳಿಗೊಮ್ಮೆ ಬರುವ ಪ್ರಚಲಿತ ವಿದ್ಯಮಾನದ ಪುಸ್ತಕ ತಂದು ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡುತ್ತಾರೆ. ಯಾವ ಪ್ರಶಸ್ತಿ ಯಾರಿಗೆ, ಯಾವ ದಿನ ಯಾವ ದಿನಾಚರಣೆ ಎಂಬುದೆಲ್ಲ ತಲೆಗೆ ತುಂಬುತ್ತದೆ, ಮುಂದಿನ ತಿಂಗಳು ಸೋರಿಹೋಗುತ್ತದೆ. ಇದರ ಬದಲು ದಿನದ ಪತ್ರಿಕೆಯ ಪಕ್ಕದಲ್ಲಿ ಸಂವಿಧಾನದ ಪುಸ್ತಕವನ್ನು ಇಟ್ಟುಕೊಳ್ಳಿ. ಪ್ರತಿ ಸುದ್ದಿಗೂ ಮೂರು ಪ್ರಶ್ನೆ ಹಾಕಿ: ಈ ಅಧಿಕಾರ ಯಾರದ್ದು? ಅದು ಯಾವ ವಿಧಿಯಿಂದ ಬಂದಿದೆ? ಅದಕ್ಕೆ ಮಿತಿ ಎಲ್ಲಿದೆ?

ಮಂತ್ರಿಮಂಡಲ ವಿಸ್ತರಣೆಯ ಸುದ್ದಿ ಬಂತೆನ್ನಿ. ಯಾರಿಗೆ ಯಾವ ಖಾತೆ ಎಂದು ಎಲ್ಲರೂ ನೋಡುತ್ತಾರೆ. ನೀವು 2003ರ 91ನೇ ತಿದ್ದುಪಡಿಯನ್ನು ನೋಡಿ. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಒಟ್ಟು ಸದಸ್ಯರ ಶೇ. 15 ಮೀರುವಂತಿಲ್ಲ. ನಮ್ಮ ವಿಧಾನಸಭೆಯ ಬಲ 224, ಅದರ ಶೇ. 15 ಎಂದರೆ 33.6. ಆದ್ದರಿಂದಲೇ ಕರ್ನಾಟಕದಲ್ಲಿ ಮಂತ್ರಿಗಳ ಗರಿಷ್ಠ ಸಂಖ್ಯೆ 34 ಎನ್ನುತ್ತಾರೆ. ಒಮ್ಮೆ ಲೆಕ್ಕ ಹಾಕಿದವನು ಅದನ್ನು ಜೀವನಪೂರ್ತಿ ಮರೆಯುವುದಿಲ್ಲ.

ನಮ್ಮ ನಾಡಿನ ಇತಿಹಾಸವೇ ಸಂವಿಧಾನದ ದೊಡ್ಡ ಪಾಠ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು, 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆ ಬಂತು. 1994ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಬಹುಮತ ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಿ ಅಲ್ಲ ಎಂಬುದು ಅದರ ಸಾರ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಒಳಪಡುತ್ತದೆ ಎಂದೂ, ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂದೂ ಅದು ಹೇಳಿತು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಯಾರಿಗೂ ಬಹುಮತ ಬಾರದೆ 17ರಂದು ಮುಖ್ಯಮಂತ್ರಿಯ ಪ್ರಮಾಣವಚನ ನಡೆದಾಗ, 19ರಂದೇ ವಿಶ್ವಾಸಮತ ಕೋರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಈ ಎರಡನ್ನೂ ಜೋಡಿಸಿ ಬರೆಯಬಲ್ಲವನು ಪ್ರಚಲಿತ ವಿದ್ಯಮಾನವನ್ನು ಓದಿದ್ದಾನೆ ಎನ್ನಬಹುದು.

ಮೂಲ ಸ್ವರೂಪ ಎಂಬ ಮಾತು ಬಂತು. ಅದು ಬಂದದ್ದು 1973ರ ಕೇಶವಾನಂದ ಭಾರತಿ ಪ್ರಕರಣದಿಂದ. ಹದಿಮೂರು ನ್ಯಾಯಮೂರ್ತಿಗಳ ಪೀಠ, ಏಳಕ್ಕೆ ಆರರ ಬಹುಮತ. ಅರ್ಜಿದಾರರಾಗಿದ್ದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಇನ್ನು ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳು ತಮ್ಮ ಕೈಯಲ್ಲಿರುವ ಸ್ಥಳೀಯ ಪ್ರಮಾಣಪತ್ರವನ್ನೊಮ್ಮೆ ನೋಡಲಿ. ಅದು 2012ರ 98ನೇ ತಿದ್ದುಪಡಿ ತಂದ 371ಜೆ ವಿಧಿಯ ಫಲ. ಹೀಗೆ ಓದಿದರೆ ಸಂವಿಧಾನ ದೆಹಲಿಯ ಪುಸ್ತಕವಾಗಿ ಉಳಿಯದೆ ನಮ್ಮ ಮನೆಯ ಪುಸ್ತಕವಾಗುತ್ತದೆ.

ಹಳೆಯ ಟಿಪ್ಪಣಿಯ ಅಪಾಯ

ಅಣ್ಣನೋ ಅಕ್ಕನೋ ಬರೆದಿಟ್ಟ ಟಿಪ್ಪಣಿ ಸಿಕ್ಕರೆ ಸಂತೋಷ. ಆದರೆ ಹಾಗೆಯೇ ನಂಬಬೇಡಿ. ಮಸೂದೆಗಳಿಗೆ ರಾಜ್ಯಪಾಲರು ಅಂಕಿತ ಹಾಕುವ ವಿಚಾರ 200ನೇ ವಿಧಿಯಲ್ಲಿದೆ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಕಾಲಮಿತಿ ಹಾಕಿತು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದ ಮೇಲೆ, ಅದೇ ವರ್ಷದ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನ್ಯಾಯಾಲಯ ಇಂಥ ಕಾಲಮಿತಿ ವಿಧಿಸಲಾಗದು ಎಂದು ಹೇಳಿತು. ಏಪ್ರಿಲ್‌ನ ಟಿಪ್ಪಣಿಯನ್ನು ಡಿಸೆಂಬರ್‌ನಲ್ಲಿ ಓದಿದವನ ಗತಿಯೇನು? ಟಿಪ್ಪಣಿಯ ಪ್ರತಿ ಪುಟದಲ್ಲೂ ಬಲಬದಿಗೆ ಎರಡು ಬೆರಳಷ್ಟು ಜಾಗ ಬಿಡಿ. ಹೊಸ ತೀರ್ಪು, ಹೊಸ ತಿದ್ದುಪಡಿ ಬಂದಾಗ ಇಸವಿಯೊಡನೆ ಅಲ್ಲಿ ಸೇರಿಸಿ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು

ಉರ್ದು ಅಥವಾ ಬ್ಯಾರಿ ಮನೆಮಾತು, ಕನ್ನಡ ಶಾಲೆ, ಇಂಗ್ಲಿಷ್ ಕಾಲೇಜು. ನಮ್ಮ ಅನೇಕ ಮಕ್ಕಳ ದಾರಿ ಇದು. ಇದನ್ನು ಕೊರತೆ ಎಂದುಕೊಳ್ಳಬೇಡಿ. ಆದರೆ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಕಲಿಯಲೇಬೇಕು. ಮನಿ ಬಿಲ್ 110ನೇ ವಿಧಿಯದು, ಫೈನಾನ್ಷಿಯಲ್ ಬಿಲ್ 117ನೇ ವಿಧಿಯದು. ಕನ್ನಡದ ಕೆಲವು ಪುಸ್ತಕಗಳಲ್ಲಿ ಎರಡನ್ನೂ ಹಣಕಾಸು ಮಸೂದೆ ಎಂದೇ ಬರೆದಿರುತ್ತಾರೆ. 2024ರ ಆಗಸ್ಟ್‌ನಲ್ಲಿ ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್ಸ್ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ದೋಷಗಳಿಂದಾಗಿ ಡಿಸೆಂಬರ್‌ನಲ್ಲಿ ಮರುಪರೀಕ್ಷೆಯೇ ನಡೆಯಬೇಕಾಯಿತು. ಪ್ರಶ್ನೆ ಕನ್ನಡದಲ್ಲಿ ಅರ್ಥವಾಗದಿದ್ದರೆ ಇಂಗ್ಲಿಷ್ ಸಾಲನ್ನು ನೋಡುವ ಅಭ್ಯಾಸ ನಿಮ್ಮನ್ನು ಕಾಪಾಡುತ್ತದೆ. ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದು ಪದ ಬರೆದುಕೊಂಡರೆ ವರ್ಷಕ್ಕೆ ಸಾವಿರದ ಎಂಟುನೂರು ದಾಟುತ್ತದೆ.

ಮನಸ್ಸಿಗೆ ನಾಟುವ ಸುದ್ದಿಯನ್ನು ಓದುವುದು

ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ. ಕೆಲವು ಸುದ್ದಿಗಳು ನಮಗೆ ಬರೀ ಸುದ್ದಿಗಳಲ್ಲ, ನಮ್ಮ ಮನೆಗೇ ತಟ್ಟುವಂಥವು. ಅಂಥವನ್ನು ಓದುವಾಗ ರಕ್ತ ಬಿಸಿಯಾಗುತ್ತದೆ. ಪರೀಕ್ಷೆಯಲ್ಲಿ ಅದೇ ವಿಷಯ ಬಂದರೆ ಹೇಗೆ ಬರೆಯುತ್ತೀರಿ?

ಉದಾಹರಣೆಗೆ, 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗಿದ್ದ ಶೇ. 4 ಮೀಸಲಾತಿಯನ್ನು ರದ್ದುಪಡಿಸಿ, ಹೊಸ 2ಸಿ ಮತ್ತು 2ಡಿ ಪ್ರವರ್ಗಗಳಿಗೆ ತಲಾ ಶೇ. 2ರಂತೆ ಹಂಚಿತು. ಏಪ್ರಿಲ್‌ನಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸದ್ಯಕ್ಕೆ ಆ ಆದೇಶವನ್ನು ಜಾರಿ ಮಾಡುವುದಿಲ್ಲ ಎಂದು ಸರ್ಕಾರ ಭರವಸೆ ನೀಡಿತು. ಈ ಬಗ್ಗೆ ಬರೆಯುವ ವಿದ್ಯಾರ್ಥಿ ಬೈಗುಳದಿಂದಲೂ ಆರಂಭಿಸಬಾರದು, ಅಳುವಿನಿಂದಲೂ ಆರಂಭಿಸಬಾರದು. 15(4) ಮತ್ತು 16(4)ನೇ ವಿಧಿಗಳಿಂದ ಆರಂಭಿಸಬೇಕು. ಸಂವಿಧಾನ ಅಲ್ಲಿ ಹೇಳುವುದು ಹಿಂದುಳಿದ ವರ್ಗಗಳ ಬಗ್ಗೆ. ಧರ್ಮವೊಂದನ್ನೇ ಆಧಾರವಾಗಿಟ್ಟು ಮೀಸಲಾತಿ ಕೊಡಲಾಗದು, ಆರ್ಥಿಕವಾಗಿ ದುರ್ಬಲರಿಗಿರುವ ಶೇ. 10ರಲ್ಲಿ ಅವಕಾಶವಿದೆ ಎಂಬುದು ರದ್ದತಿಯ ಪರವಾದ ವಾದ. ಈ ಮೀಸಲಾತಿಗೆ ಆಧಾರ ಧರ್ಮವಲ್ಲ, ಸಾಮಾಜಿಕ ಮತ್ತು ಶೈಕ್ಷಣಿಕ ಹಿಂದುಳಿದಿರುವಿಕೆ. ಅದನ್ನು ಆಯೋಗಗಳು ಗುರುತಿಸಿವೆ. ತೆಗೆಯುವುದಾದರೂ ಅಂಕಿಅಂಶ ಬೇಕು ಎಂಬುದು ಎದುರು ವಾದ. 1992ರ ಇಂದ್ರಾ ಸಾಹ್ನಿ ತೀರ್ಪು ಏನು ಹೇಳಿತು, ಶೇ. 50ರ ಮಿತಿ ಏಕೆ ಬಂತು ಎಂಬುದನ್ನು ಜೋಡಿಸಿ. ಎರಡೂ ವಾದಗಳನ್ನು ಅವರವರು ಒಪ್ಪುವಂತೆ ಬರೆದ ಮೇಲೆ ನಿಮ್ಮ ಅಭಿಪ್ರಾಯವನ್ನು ಎರಡು ಸಾಲಿನಲ್ಲಿ, ಕಾರಣದೊಡನೆ ಹೇಳಿ.

ಇದು ಅಂಕಕ್ಕಾಗಿ ಹಾಕುವ ವೇಷವಲ್ಲ. ನಾಳೆ ನೀವು ತಹಸೀಲ್ದಾರರಾಗಿ ಕುಳಿತಾಗ ನಿಮ್ಮ ಮೇಜಿನ ಮುಂದೆ ಎಲ್ಲ ಜಾತಿಯವರೂ, ಎಲ್ಲ ಪಕ್ಷದವರೂ ಬಂದು ನಿಲ್ಲುತ್ತಾರೆ. ಎದುರಿನವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನೇ ನ್ಯಾಯವಾಗಿ ತೀರ್ಮಾನ ಮಾಡಬಲ್ಲ. ಸಂದರ್ಶನದಲ್ಲಿ ನೋಡುವುದೂ ಇದನ್ನೇ. ಹಾಗೆಂದು ನಿಮ್ಮ ಅಭಿಪ್ರಾಯವನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೊಂದು ಆಧಾರ ಇರಬೇಕು, ಅಷ್ಟೆ.

ಇದಕ್ಕೆ ಅಡ್ಡಿಯಾಗಿರುವುದು ಮೊಬೈಲ್. ವಾಟ್ಸ್ಆ್ಯಪ್‌ನಲ್ಲಿ ಬರುವ ಸಂದೇಶಕ್ಕೆ ದಿನಾಂಕವಿಲ್ಲ, ಬರೆದವನ ಹೆಸರಿಲ್ಲ. ಅದನ್ನು ಓದಿ ಕೋಪಿಸಿಕೊಂಡರೆ ಒಂದು ಸಂಜೆ ಹಾಳು, ನಂಬಿ ಉತ್ತರ ಬರೆದರೆ ಒಂದು ವರ್ಷ ಹಾಳು. ಸರ್ಕಾರದ ಪ್ರಕಟಣೆಗೆ ಪಿಐಬಿ ಇದೆ, ಮಸೂದೆಗಳ ಸಾರಾಂಶಕ್ಕೆ ಪಿಆರ್‌ಎಸ್ ಇದೆ, ಆಕಾಶವಾಣಿಯ ವಾರ್ತೆ ಇದೆ. ಇವುಗಳಿಗೆ ಹಣ ಕೊಡಬೇಕಾಗಿಲ್ಲ.

ದಿನಚರಿ ಮತ್ತು ಅಭ್ಯಾಸ

ಪದವಿಯ ಮೊದಲ ವರ್ಷದಿಂದಲೇ ದಿನಕ್ಕೆ ಒಂದು ಗಂಟೆ ಪತ್ರಿಕೆಗೆ ಸಾಕು. ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ. ಅಪರಾಧ ಸುದ್ದಿ, ನಾಯಕರ ಪರಸ್ಪರ ಟೀಕೆ, ಸಿನಿಮಾ ಬಿಟ್ಟುಬಿಡಿ. ಸಂಪಾದಕೀಯ, ನ್ಯಾಯಾಲಯದ ತೀರ್ಪು, ಸದನದ ಕಲಾಪ, ಬಜೆಟ್, ವಿದೇಶಾಂಗ ವ್ಯವಹಾರ ಇವನ್ನು ಓದಿ. ಬುನಾದಿಗೆ ಎನ್‌ಸಿಇಆರ್‌ಟಿ ಪಠ್ಯಗಳು, ನಂತರ ಎಂ. ಲಕ್ಷ್ಮೀಕಾಂತ್ ಅವರಂಥ ಒಂದೇ ಒಂದು ದೊಡ್ಡ ಪುಸ್ತಕ. ಹತ್ತು ಪುಸ್ತಕ ಒಂದೊಂದು ಸಲ ಓದುವುದಕ್ಕಿಂತ ಒಂದನ್ನು ಹತ್ತು ಸಲ ಓದುವುದು ಲೇಸು. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ.

ಬರೆಯುವ ಅಭ್ಯಾಸವಂತೂ ಬೇಕೇ ಬೇಕು. ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಮೂರು ಗಂಟೆಗೆ 20 ಪ್ರಶ್ನೆ, ಅಂದರೆ ಒಂದಕ್ಕೆ ಸರಾಸರಿ ಒಂಬತ್ತು ನಿಮಿಷ. ಗೊತ್ತಿದ್ದದ್ದನ್ನು ಒಂಬತ್ತು ನಿಮಿಷದಲ್ಲಿ ಬರೆಯಲಾಗದಿದ್ದರೆ ಗೊತ್ತಿದ್ದೂ ಪ್ರಯೋಜನವಿಲ್ಲ. ನಾಲ್ಕೈದು ಮಂದಿ ಸೇರಿ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದಿ. ಈ ಸಂಸ್ಥೆಯ ವಾಚನಾಲಯದಲ್ಲಿ ಅದಕ್ಕೊಂದು ಮೇಜು ಸಿಕ್ಕರೆ ಅದಕ್ಕಿಂತ ದೊಡ್ಡ ಸೇವೆ ಬೇರೊಂದಿಲ್ಲ ಎಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಪೋಷಕರಲ್ಲಿ

ಕೊನೆಯದಾಗಿ ತಂದೆತಾಯಂದಿರಿಗೆ ಎರಡು ಮಾತು. ಪ್ರತಿವರ್ಷ ಲಕ್ಷಗಟ್ಟಲೆ ಮಂದಿ ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ ಬರೆಯುತ್ತಾರೆ, ಆಯ್ಕೆಯಾಗುವವರು ಸುಮಾರು ಸಾವಿರ. ಮೊದಲ ಪ್ರಯತ್ನದಲ್ಲೇ ಆಗಬೇಕೆಂದು ಹಟ ಹಿಡಿಯಬೇಡಿ. ಹಾಗೆಯೇ ಮಕ್ಕಳು ಕೂಡ ಮೂವತ್ತು ದಾಟುವವರೆಗೆ ಬೇರೇನೂ ಮಾಡದೆ ಕೂರಬಾರದು. ಎಷ್ಟು ವರ್ಷ ಎಂದು ಮನೆಯವರೆಲ್ಲ ಕುಳಿತು ಮೊದಲೇ ತೀರ್ಮಾನಿಸಿ. ಜೊತೆಗೆ ರಾಜ್ಯಮಟ್ಟದ ಪರೀಕ್ಷೆಗಳನ್ನೂ ಬರೆಸಿ. ಹಣ ಸಾಲದಿದ್ದರೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ತರಬೇತಿ ಯೋಜನೆಗಳ ಬಗ್ಗೆ ವಿಚಾರಿಸಿ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ವಸತಿ ತರಬೇತಿ ಕೇಂದ್ರದಲ್ಲಿ ಪ್ರವೇಶ ಪರೀಕ್ಷೆಯ ಮೂಲಕ ಅಲ್ಪಸಂಖ್ಯಾತರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಮಹಿಳೆಯರನ್ನು ಆಯ್ಕೆ ಮಾಡುತ್ತಾರೆ. 2021ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದ ಶ್ರುತಿ ಶರ್ಮಾ ಅಲ್ಲಿಯೇ ತಯಾರಾದವರು.

ಮಗನಿಗೆ ಮೂರು ವರ್ಷ ಕೊಡುವ ಮನೆ ಮಗಳಿಗೆ ಒಂದು ವರ್ಷವನ್ನೂ ಕೊಡುವುದಿಲ್ಲ. ಇದು ನ್ಯಾಯವಲ್ಲ. ಈ ಸಭೆಯಲ್ಲಿ ಹಿಂದಿನ ಸಾಲುಗಳಲ್ಲಿ ನೋಟ್‌ಬುಕ್ ಹಿಡಿದು ಕುಳಿತಿರುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಅವರಿಗೂ ಮಗನಿಗೆ ಕೊಟ್ಟಷ್ಟೇ ಕಾಲ ಕೊಡಿ.

ಆಯ್ಕೆಯಾಗದಿದ್ದರೂ ಈ ಓದು ವ್ಯರ್ಥವಾಗುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು, ಅಕ್ಕಪಕ್ಕದವರ ಪಡಿತರ ಚೀಟಿಯ ತಕರಾರು ಬಗೆಹರಿಸಲು ಬೇಕಾದದ್ದು ಇದೇ ತಿಳಿವಳಿಕೆ.