ವೈಫೈ ಹೆಸರು ಮರೆಮಾಡಿದರೆ ಮನೆ ಭದ್ರವೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ಏನಾದರೂ ಉಪಯೋಗಕ್ಕೆ ಬರುವಂಥದ್ದು ಹೇಳು ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ. ಊರಿಗೆ ಫೈಬರ್ ಬಂದ ಮೇಲೆ ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: "ನಮ್ಮ ವೈಫೈ ಹೆಸರು ಯಾರಿಗೂ ಕಾಣದ ಹಾಗೆ ಮಾಡಿಕೊಡಪ್ಪ, ಕಳ್ಳರ ಕಾಟ ತಪ್ಪಲಿ." ಹಾಗೆ ಮಾಡುವುದು ಎರಡು ನಿಮಿಷದ ಕೆಲಸ. ಆದರೆ ಕಳ್ಳರ ಕಾಟ ಅದರಿಂದ ತಪ್ಪುವುದಿಲ್ಲ.

ರೂಟರ್ ಎನ್ನುವ ಡಬ್ಬಿ ಸುಮ್ಮನೆ ಕೂತಿರುವುದಿಲ್ಲ. ಸೆಕೆಂಡಿಗೆ ಸುಮಾರು ಹತ್ತು ಸಲ "ನಾನು ಇಂಥವನು, ಇಲ್ಲಿದ್ದೇನೆ" ಎಂದು ರೇಡಿಯೋ ಅಲೆಯಲ್ಲಿ ಸಾರುತ್ತಿರುತ್ತದೆ. ಹೆಸರು ಮರೆಮಾಡಿದಾಗ ಈ ಸಾರುವಿಕೆ ನಿಲ್ಲುವುದಿಲ್ಲ. ಹೆಸರಿನ ಜಾಗ ಮಾತ್ರ ಖಾಲಿಯಾಗುತ್ತದೆ. ಯಂತ್ರದ ಸಂಖ್ಯೆ ಹೋಗುತ್ತಲೇ ಇರುತ್ತದೆ. ಬಾಗಿಲ ಮೇಲಿನ ಹೆಸರಿನ ಫಲಕ ಕಿತ್ತರೆ ಮನೆ ಕಾಣದೇ ಹೋದೀತೇ? ಇನ್ನು ನಿಮ್ಮದೇ ಫೋನು ಆ ವೈಫೈಗೆ ಸೇರುವಾಗ ಹೆಸರನ್ನು ಹೇಳಿಯೇ ಸೇರಬೇಕು. ಆ ಹೆಸರು ಗುಟ್ಟುಲಿಪಿಯಲ್ಲಿ ಹೋಗುವುದಿಲ್ಲ, ಬಿಚ್ಚುಬಿಚ್ಚಾಗಿ ಹೋಗುತ್ತದೆ. ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಇಟ್ಟುಕೊಂಡು ಹತ್ತಿರದಲ್ಲಿ ಕೂತವನು, ಮನೆಯವರೊಬ್ಬರು ಹೊರಗೆ ಹೋಗಿ ವಾಪಸು ಬರುವವರೆಗೆ ಕಾದರೆ ಸಾಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಕಥೆ ಇದು.

ಇಷ್ಟೇ ಆಗಿದ್ದರೆ "ಲಾಭವಿಲ್ಲದಿದ್ದರೂ ನಷ್ಟವಿಲ್ಲವಲ್ಲ" ಎನ್ನಬಹುದಿತ್ತು. ನಷ್ಟವಿದೆ. ರೂಟರ್ ಹೆಸರು ಹೇಳದಿದ್ದಾಗ ಹುಡುಕುವ ಕೆಲಸ ಫೋನಿನ ಮೇಲೆ ಬೀಳುತ್ತದೆ. ಹೀಗೆ ಮರೆಮಾಡಿದ ವೈಫೈಯನ್ನು ನೆನಪಿಟ್ಟುಕೊಂಡ ಫೋನು, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕುತ್ತ ಊರೂರಲ್ಲಿ ಹೆಸರು ಹಿಡಿದು ಕೂಗುವವನ ಹಾಗೆ, ಬಸ್ ಸ್ಟ್ಯಾಂಡಿನಲ್ಲೂ ಸಂತೆಯಲ್ಲೂ ಆಸ್ಪತ್ರೆಯಲ್ಲೂ "ನೀನು ಇಲ್ಲಿದ್ದೀಯಾ?" ಎಂದು ಕೇಳುತ್ತಿರುತ್ತದೆ. ಗುರುತು ಸಿಗದಿರಲೆಂದು ಈಗಿನ ಫೋನುಗಳು ಹುಡುಕುವಾಗ ತಮ್ಮ ಸಂಖ್ಯೆಯನ್ನೇ ಬದಲಿಸಿಕೊಳ್ಳುತ್ತವೆ. ಆದರೆ ಮನೆಯ ವೈಫೈ ಹೆಸರನ್ನು ತಾನೇ ಕೂಗಿಬಿಟ್ಟರೆ ಆ ಜಾಣತನ ನೀರಲ್ಲಿ ಹೋಮ. ಆಪಲ್ ಕಂಪನಿಯ ಫೋನುಗಳು ಇಂಥ ವೈಫೈಗೆ ಸೇರಿದಾಗ ಎಚ್ಚರಿಕೆಯನ್ನೇ ತೋರಿಸುತ್ತವೆ. ಅಂದರೆ ಮನೆಯಲ್ಲಿ ಮುಚ್ಚಿಟ್ಟದ್ದನ್ನು ನಾವೇ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ಹಂಚಿದಂತಾಯಿತು.

ಒಂದು ಉಪಯೋಗವಂತೂ ಇದೆ, ಒಪ್ಪಿಕೊಳ್ಳುತ್ತೇನೆ. ಹೆಸರು ಕಾಣದಿದ್ದರೆ "ಅಕ್ಕಾ, ಪಾಸ್‌ವರ್ಡ್ ಹೇಳಿ" ಎಂದು ಬಾಗಿಲಿಗೆ ಬರುವ ಹುಡುಗರು ಕಡಿಮೆಯಾದಾರು!

ನಗುವ ವಿಷಯವಲ್ಲದ ಒಂದು ಸಂಗತಿ ಹೇಳುತ್ತೇನೆ. 2008ರ ಜುಲೈನಲ್ಲಿ ಅಹಮದಾಬಾದ್ ಸರಣಿ ಸ್ಫೋಟಕ್ಕೆ ಸ್ವಲ್ಪ ಮೊದಲು ಕಳಿಸಿದ ಬೆದರಿಕೆ ಇ-ಮೇಲ್ ನವಿ ಮುಂಬೈನ ಒಂದು ಮನೆಯ ಭದ್ರಪಡಿಸದ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಹೋಗಿ ವಿಚಾರಿಸಿದ್ದು ಆ ಮನೆಯವರನ್ನು. ನಮ್ಮ ವೈಫೈಯಿಂದ ಹೊರಗಿನವನು ಮಾಡಿದ ಕೆಲಸಕ್ಕೆ ಮೊದಲು ಉತ್ತರ ಹೇಳಬೇಕಾದವರು ನಾವೇ.

ಹಾಗಾದರೆ ಬೀಗ ಯಾವುದು? ಪಾಸ್‌ವರ್ಡು. ಊರಲ್ಲಿ ಬಹಳ ಮನೆ, ಅಂಗಡಿಗಳಲ್ಲಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿದ್ದಾರೆ. ನೀವು ಸೇರುವ ಹೊತ್ತಿನ ಮಾತುಕತೆಯನ್ನು ಒಬ್ಬ ಹಿಡಿದಿಟ್ಟುಕೊಂಡರೆ, ಆಮೇಲೆ ತನ್ನ ಮನೆಯಲ್ಲೇ ಕೂತು ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಬಹುದು. ನಮ್ಮ ದೇಶದ ಮೊಬೈಲ್ ನಂಬರು 6, 7, 8 ಇಲ್ಲವೇ 9ರಿಂದ ಶುರುವಾಗುತ್ತದೆ. ಒಟ್ಟು 400 ಕೋಟಿ ಸಾಧ್ಯತೆ. ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ, ಲೆಕ್ಕ ನೋಡಲಿ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುವ ಒಂದು ಕಂಪ್ಯೂಟರ್ ಸೆಕೆಂಡಿಗೆ ಹತ್ತು ಲಕ್ಷ ಸಲ ಪ್ರಯತ್ನಿಸಬಲ್ಲದು. 400 ಕೋಟಿಗೆ ಒಂದೂಕಾಲು ಗಂಟೆ ಸಾಕು. ನಿಮ್ಮದೇ ನಂಬರು ಗೊತ್ತಿದ್ದವನಿಗೆ ಅದೂ ಬೇಡ. ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿ. ರಾಗಿ, ಏಣಿ, ಬುಧವಾರ, ಸುಣ್ಣ, ಗಿಳಿ ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದರೆ ಅಜ್ಜಿಗೂ ನೆನಪಿರುತ್ತದೆ. ಇವೇ ಪದಗಳು ಬೇಡ, ಇಷ್ಟು ಜನರ ಮುಂದೆ ಹೇಳಿಬಿಟ್ಟೆನಲ್ಲ.

ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಇರಲಿ. ಹಳೆಯ ಡಬ್ಲ್ಯುಇಪಿ ಇದ್ದರೆ ಅದು 2001ರಲ್ಲೇ ಮುರಿದ ಬೀಗ. ಡಬ್ಲ್ಯುಪಿಎಸ್ ಪಿನ್ ಎಂಬುದನ್ನು ಆರಿಸಿಬಿಡಿ. ಸೆಟ್ಟಿಂಗಿಗೆ ಹೋಗುವ ಅಡ್ಮಿನ್ ಪಾಸ್‌ವರ್ಡು ಬೇರೆಯೇ ಇರುತ್ತದೆ. ಲೈನ್ ಎಳೆದವರು ಇಟ್ಟುಹೋದದ್ದೇ ಇದ್ದರೆ ಇವತ್ತೇ ಬದಲಿಸಿ.

ಹೆಸರು ಕಾಣಲಿ ಬಿಡಿ. ಅದರಲ್ಲಿ ಮನೆ ಯಜಮಾನರ ಹೆಸರು, ಮನೆ ನಂಬರು ಬೇಡ, ಅಷ್ಟೇ. 32 ಬೈಟ್‌ಗಳವರೆಗೆ ಬರೆಯಬಹುದು. ಕನ್ನಡ ಲಿಪಿಯ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕಾದ್ದರಿಂದ ನಮಗೆ ಹತ್ತೇ ಚಿಹ್ನೆ ಸಿಗುತ್ತವೆ, ಕಾಗುಣಿತವೂ ಅದರಲ್ಲೇ ಸೇರಬೇಕು. ಮಕ್ಕಳೇ, ಅಷ್ಟರಲ್ಲಿ ಒಂದು ಚಂದದ ಹೆಸರು ಯೋಚಿಸಿ.

ನಾಳೆ ಸಂಜೆಯವರೆಗೆ ಊರಲ್ಲೇ ಇರುತ್ತೇನೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಲು ಗೊತ್ತಾಗದವರು ರೂಟರ್ ತಳದಲ್ಲಿ ಅಂಟಿಸಿರುವ ಚೀಟಿಯ ಫೋಟೋ ತೆಗೆದುಕೊಂಡು ಬನ್ನಿ. ವಾಟ್ಸಾಪ್‌ ಗುಂಪಿಗೆ ಮಾತ್ರ ಹಾಕಬೇಡಿ.