ಕಾವಲಿಗೆ ಬರುವ ಅತಿಥಿಗಳು



ರಾಗಿ ಕೊಯ್ಲು ಮುಗಿದು ಬಣವೆ ಒಟ್ಟುವ ಕಾಲಕ್ಕೆ ಬೆನ್ನಿಗೆ ಚೀಲ ಹಾಕಿಕೊಂಡ ಪಟ್ಟಣದ ಜನ ಬೀರೂರು, ಕಡೂರಿನಲ್ಲಿ ರೈಲಿನಿಂದ ಇಳಿಯುವುದನ್ನು ನೀವು ಕಂಡಿರಬಹುದು. ಇವರು ಚಾರಣ ಸಂಘದವರು. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಸೇರಿ ಶನಿವಾರ, ಭಾನುವಾರ ಹಳ್ಳಿಗಾಡಿನಲ್ಲಿ ಕಳೆಯುವುದು ಇಂಥ ಸಂಘಗಳ ಪದ್ಧತಿ. ಅವರು ನಿಮ್ಮೂರಿಗೆ ಬಂದರೆ ಏನು ಮಾಡಬೇಕು ಎಂಬುದೇ ಇಂದಿನ ವಿಷಯ.

ಇದು ಶ್ರೀಮಂತರ ಶೋಕಿ ಎಂದು ತಳ್ಳಿಬಿಡಬೇಡಿ. 1909ರಲ್ಲಿ ಜರ್ಮನಿಯ ಉಪಾಧ್ಯಾಯ ರಿಚರ್ಡ್ ಶಿರ್‌ಮಾನ್ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಹೊರಟಿದ್ದಾಗ ಬಿರುಮಳೆ ಹಿಡಿಯಿತು. ಹಳ್ಳಿಯ ಶಾಲೆಯಲ್ಲಿ ಜಾಗ ಸಿಕ್ಕಿತು. ಹಾಸಲು ಒಬ್ಬ ರೈತ ಹುಲ್ಲು ಕೊಟ್ಟ. ಆ ರಾತ್ರಿಯ ಯೋಚನೆಯಿಂದಲೇ ಯುವಜನರಿಗೆ ಕಡಿಮೆ ಖರ್ಚಿನ ವಸತಿಗೃಹಗಳ ಚಳವಳಿ ಹುಟ್ಟಿತು. ನಮ್ಮ ದೇಶದಲ್ಲಿ ಆ ಸಂಸ್ಥೆ 1949ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಅಂದಮೇಲೆ ಇದರಲ್ಲಿ ರೈತನ ಪಾಲು ಮೊದಲಿನಿಂದಲೂ ಇದೆ.

ಇನ್ನು ನಮ್ಮ ಸೀಮೆಯ ಮಾತು. ಇಲ್ಲಿ ನೋಡತಕ್ಕದ್ದು ಬಹಳವಿದೆ: ಸಖರಾಯಪಟ್ಟಣದ ಅಯ್ಯನಕೆರೆ, ತರೀಕೆರೆ ಕಡೆಯ ಅಮೃತಪುರದ ದೇವಾಲಯ, ಕಲ್ಲತ್ತಿಗಿರಿ. ಆದರೆ ಹೆಚ್ಚು ಎಚ್ಚರ ಬೇಕಾದದ್ದು ಅಮೃತಮಹಲ್ ಕಾವಲುಗಳ ವಿಷಯದಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಆ ದನಗಳಿಗಾಗಿ ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲು ಗೊತ್ತುಮಾಡಿದ್ದರು. ಒಂದರಲ್ಲಿ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಕಡೂರು ತಾಲೂಕಿನ ಬಾಸೂರು ಕಾವಲು, ಸುಮಾರು 1,800 ಎಕರೆ, 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಕೃಷ್ಣಮೃಗಗಳ ನೆಲೆ ಅದು.

ಪಟ್ಟಣದಿಂದ ಬಂದವರು ಈ ಬಯಲನ್ನು ನೋಡಿ, 'ಅಯ್ಯೋ, ಇಷ್ಟು ಭೂಮಿ ಬೋಳಾಗಿ ಬಿದ್ದಿದೆ, ನಾವು ಗಿಡ ನೆಡುತ್ತೇವೆ' ಅನ್ನುವುದುಂಟು. ಉದ್ದೇಶ ಒಳ್ಳೆಯದೇ. ಆದರೂ ಒಪ್ಪಬೇಡಿ. ಕಾವಲು ಬೀಳುಭೂಮಿಯಲ್ಲ, ಹುಲ್ಲೇ ಅದರ ಬೆಳೆ. ಒತ್ತಾಗಿ ಮರ ಬೆಳೆದು ನೆರಳು ಕವಿದರೆ ಹುಲ್ಲು ಸೊರಗುತ್ತದೆ, ದನಕ್ಕೆ ಮೇವು ತಪ್ಪುತ್ತದೆ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುವ ಕೃಷ್ಣಮೃಗಕ್ಕೂ ಬಯಲೇ ಬೇಕು. ಅದಲ್ಲದೆ, ಪುಷ್ಯದ ಒಣಹವೆಯಲ್ಲಿ ನೆಟ್ಟ ಸಸಿಗೆ ಸೋಮವಾರದಿಂದ ನೀರು ಹೊರುವವರು ಯಾರು, ಹೇಳಿ? ಗಿಡ ನೆಡಲೇಬೇಕೆಂದರೆ ಮುಂಗಾರು ಹಿಡಿದ ಮೇಲೆ ಬರಲಿ. ಶಾಲೆಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹುಣಸೆ ನೆಡಲಿ.

ಅತಿಥಿಗಳು ಬರುವ ಮೊದಲೇ ಈ ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳಿ:

ಒಂದು, ಅಪ್ಪಣೆ. ಕಾವಲು ಯಾವ ಇಲಾಖೆಗೆ ಸೇರಿದೆಯೋ ಅವರ ಒಪ್ಪಿಗೆಯಿಲ್ಲದೆ ಯಾರನ್ನೂ ಒಳಗೆ ಕರೆದೊಯ್ಯಬೇಡಿ.

ಎರಡು, ಬೆಂಕಿ. ಆ ದಿನಗಳಲ್ಲಿ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಒಂದು ಬೀಡಿ ತುಂಡು ಸಾಕು, ಊರಿನ ದನಗಳ ಬೇಸಿಗೆಯ ಮೇವೆಲ್ಲ ಬೂದಿಯಾದೀತು. ಅಡಿಗೆ, ಬಿಡಾರ ಎಲ್ಲವೂ ಊರೊಳಗೇ ಆಗಲಿ, ಬಣವೆಯಿಂದ ದೂರವಿರಲಿ.

ಮೂರು, ನಾಯಿ. ಜಿಂಕೆಯ ಮರಿ ಹುಲ್ಲಿನಲ್ಲಿ ಅಡಗಿ ಮಲಗಿರುತ್ತದೆ. ಹಕ್ಕಿಗಳಲ್ಲಿ ನೆಲದ ಮೇಲೆಯೇ ಮೊಟ್ಟೆ ಇಡುವವೂ ಇವೆ. ಅವರ ನಾಯಿಯನ್ನೂ ಬಿಡಬೇಡಿ, ನಿಮ್ಮ ನಾಯಿಯನ್ನೂ ಬಿಡಬೇಡಿ.

ನಾಲ್ಕು, ಪ್ಲಾಸ್ಟಿಕ್. ಅನ್ನ ಅಂಟಿದ ಚೀಲವನ್ನು ಹಸು ಚೀಲದ ಸಮೇತ ನುಂಗುತ್ತದೆ. ತಂದದ್ದನ್ನು ಅವರೇ ವಾಪಸು ಒಯ್ಯಲಿ. ಊಟಕ್ಕೆ ನಮ್ಮ ಮುತ್ತುಗದೆಲೆ, ಬಾಳೆಲೆ ಇದ್ದೇ ಇವೆ.

ಐದು, ದುಡ್ಡು. ಸಂಕೋಚ ಬೇಡ. ಊಟಕ್ಕೆ ಇಷ್ಟು, ವಸತಿಗೆ ಇಷ್ಟು, ದಾರಿ ತೋರಿಸುವವನಿಗೆ ಇಷ್ಟು ಎಂದು ಮೊದಲೇ ಹೇಳಿ. ಮುದ್ದೆ, ಹುರುಳಿಕಾಳಿನ ಸಾರು, ಅವರೆಕಾಳು, ಎಳನೀರು ಕೊಡಿ. ಹೊರಗಿನ ಅಡಿಗೆಯವರನ್ನು ಕರೆಸುವುದಕ್ಕಿಂತ ಊರಿನ ಸ್ತ್ರೀಶಕ್ತಿ ಸಂಘಕ್ಕೆ ಒಪ್ಪಿಸಿದರೆ ಹಣ ಊರಲ್ಲೇ ಉಳಿಯುತ್ತದೆ.

ಅವರ ಕೈಯಿಂದ ಕೆಲಸವೂ ಆಗಬೇಕು ಅಂತೀರಾ? ದನ ನೀರು ಕುಡಿಯುವ ತೊಟ್ಟಿ ತೊಳೆಯಲಿ, ದಾರಿಬದಿಯ ಕಸ ಆರಿಸಲಿ. ಅಪ್ಪಣೆ ಸಿಕ್ಕಿದರೆ ಕಾವಲಿಗೆ ಹಬ್ಬುತ್ತಿರುವ ಬಳ್ಳಾರಿ ಜಾಲಿಯ ಸಸಿಗಳನ್ನು ಬೇರುಸಹಿತ ಕೀಳಲಿ.

ರಾತ್ರಿ ಊಟವಾದ ಮೇಲೆ ಹಿರಿಯರು ಅವರೊಡನೆ ಕುಳಿತು ಮಾತಾಡಿ. ಜಿಂಕೆ ಚಂದ ಎಂದು ಅವರು ಹೇಳಿಯಾರು. ಅದೇ ಜಿಂಕೆ ಹುರುಳಿ ಹೊಲಕ್ಕೆ ಬಿದ್ದಾಗ ಏನಾಗುತ್ತದೆ, ರಾತ್ರಿ ಕಾವಲು ಕಾಯುವ ಕಷ್ಟವೇನು ಎಂಬುದನ್ನೂ ಅವರು ಕೇಳಲಿ. ಹುಲ್ಲುಗಾವಲು ಉಳಿಯಬೇಕೆಂದು ಪಟ್ಟಣದಲ್ಲಿ ದನಿ ಎತ್ತುವವರಿಗೆ, ಅದರ ಪಕ್ಕದಲ್ಲಿ ಬೇಸಾಯ ಮಾಡುವವನ ನಷ್ಟವೂ ತಿಳಿದಿರಬೇಕು.

ಬಂದವರನ್ನು ಆದರಿಸುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅವರು ಹೋದ ಮರುದಿನ ನಮ್ಮ ದನಕ್ಕೆ ಹುಲ್ಲು ಎಂದಿನಂತೆಯೇ ಇರುವ ಹಾಗೆ ನೋಡಿಕೊಳ್ಳುವುದು ಮಾತ್ರ ನಮ್ಮ ಹೊಣೆ. ಈ ಬಾರಿ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ, ಊರಿಗೊಂದು ನಿಯಮ ಮಾಡಿಕೊಳ್ಳಿ.