ಕೊಟ್ಟಿಗೆಯ ಸೈಕಲ್ ಮತ್ತೆ ಶಾಲೆಗೆ ಬರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯಕ್ರಮ ಏರ್ಪಡಿಸಿದ ಗೆಳೆಯರು ಫೋನ್ ಮಾಡಿ, "ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ ಮಾಡ್ತಿ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಕು ಮಾತು ಹೇಳು" ಅಂದರು. ಕಂಪ್ಯೂಟರ್ ಬಗ್ಗೆ ಹೇಳುವವರು ಇಂದು ಬಹಳ ಮಂದಿ ಇದ್ದಾರೆ. ಆದರೆ ಕಂಪ್ಯೂಟರ್ ಕಲಿಯಬೇಕಾದರೆ ಮಗು ಮೊದಲು ಶಾಲೆಗೆ ಬರಬೇಕು. ಹೊಲದ ಮನೆಯಿಂದ, ಪಕ್ಕದ ಊರಿನಿಂದ ಬರುವ ಮಗು ಹೇಗೆ ಬರಬೇಕು? ಅದಕ್ಕೇ ನಾನು ಇಂದು ಸೈಕಲ್ ಬಗ್ಗೆ ಮಾತಾಡುತ್ತೇನೆ. ನಗಬೇಡಿ, ವಿಷಯ ಸಣ್ಣದಲ್ಲ.

ನಾನು 2007ರಲ್ಲಿ 8ನೇ ತರಗತಿಗೆ ಈ ಶಾಲೆ ಸೇರಿದೆ. ಅದರ ಹಿಂದಿನ ವರ್ಷ, 2006-07ರಲ್ಲಿ, ನಮ್ಮ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತ್ತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಮರುವರ್ಷ ಗಂಡುಮಕ್ಕಳಿಗೂ ಕೊಟ್ಟರು. ನಮ್ಮ ಹೊಲದ ಮನೆಯಿಂದ ಶಾಲೆಗೆ 4 ಕಿಲೋಮೀಟರ್. ನಡೆದರೆ ಸುಮಾರು ಒಂದು ತಾಸು, ಸೈಕಲ್ ಮೇಲೆ ಇಪ್ಪತ್ತು ನಿಮಿಷ. ಉಳಿದ ಸಮಯದಲ್ಲಿ ನಾನು ಗಣಿತದ ಲೆಕ್ಕ ಬಿಡಿಸಿದೆ. ಮುಂದೆ ಬಿ.ಇ. ಓದಿದೆ ಎಂದರೆ ಅದರಲ್ಲಿ ನಮ್ಮ ಗುರುಗಳ ಪಾಲು ಎಷ್ಟಿದೆಯೋ, ಅದರ ಹಿಂದೆ ಆ ಸೈಕಲ್ಲಿನ ಪಾಲೂ ಇದೆ.

ಇದು ನನ್ನೊಬ್ಬನ ಮಾತಲ್ಲ. ಬಿಹಾರದಲ್ಲೂ 2006ರಲ್ಲಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ 2017ರಲ್ಲಿ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಶೇ. 32ರಷ್ಟು ಏರಿತು, ಗಂಡು-ಹೆಣ್ಣು ಮಕ್ಕಳ ನಡುವಿನ ಅಂತರ ಶೇ. 40ರಷ್ಟು ಇಳಿಯಿತು ಎಂದು ಅವರು ಕಂಡರು. ಶಾಲೆ ದೂರವಿದ್ದ ಊರುಗಳಲ್ಲೇ ಹೆಚ್ಚು ಲಾಭವಾಗಿತ್ತು. ಪುಸ್ತಕ, ಸಮವಸ್ತ್ರ, ಊಟ ಎಲ್ಲ ಕೊಟ್ಟರೂ ದೂರ ಎನ್ನುವುದು ಹಾಗೇ ಉಳಿದಿರುತ್ತದೆ. ಅದನ್ನು ಕಡಿಮೆ ಮಾಡಿದ್ದು ಸೈಕಲ್.

ನಮ್ಮಲ್ಲಿ ಕೋವಿಡ್ ಬಂದ ವರ್ಷ ಸೈಕಲ್ ವಿತರಣೆ ನಿಂತಿತು, ನಂತರದ ವರ್ಷಗಳಲ್ಲೂ ಬರಲಿಲ್ಲ. ಆದರೆ ಹಿಂದೆ ಬಂದ ಸೈಕಲ್ ಎಲ್ಲಿ ಹೋದವು? ಈ ಸಲ ಊರಿಗೆ ಬಂದಾಗ ನಾನು ಹತ್ತಾರು ಮನೆಗೆ ಹೋದೆ. ಕೊಟ್ಟಿಗೆಯಲ್ಲಿ, ಕಣಕಿ ಬಣವೆಯ ಪಕ್ಕದಲ್ಲಿ, ಮಾಳಿಗೆಯ ಮೇಲೆ ಅವು ನಿಂತಿವೆ. ಕೇಳಿದರೆ "ಚೈನ್ ಬೀಳ್ತದ", "ಹವಾ ನಿಲ್ಲಂಗಿಲ್ಲ", "ಹುಡುಗಿಗೆ ಕಾಲು ಸಿಗಂಗಿಲ್ಲ" ಅನ್ನುತ್ತಾರೆ. ಅವುಗಳಲ್ಲಿ ಹೆಚ್ಚಿನವು ಕೆಟ್ಟ ಸೈಕಲ್ ಅಲ್ಲ, ಓಡಿಸುವವರಿಗೆ ಹೊಂದಿಸದೆ ಬಿಟ್ಟವು. ಲಕ್ಷಾಂತರ ಮಕ್ಕಳಿಗೆ ಕೊಡುವಾಗ ಒಂದೇ ಅಳತೆಯಲ್ಲಿ ಕೊಡಬೇಕಾಗುತ್ತದೆ. ಆದರೆ 8ನೇ ತರಗತಿಯ ಮಕ್ಕಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ಹೊಸ ಅಂಗಿಗೆ ಹೊಲಿಗೆ ಬಿಡಿಸಿ ಹಾಕುವ ನಾವು ಸೈಕಲ್ಲಿಗೂ ಹಾಗೇ ಮಾಡಬೇಕು.

ಮೊದಲನೆಯದು ಸೀಟು. ಒಬ್ಬರು ಸೈಕಲ್ ಹಿಡಿದಿರಲಿ, ಮಗು ಸೀಟಿನ ಮೇಲೆ ಕುಳಿತು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಲಿ. ಆಗ ಕಾಲು ನೇರವಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಸೀಟು ತೀರಾ ಕೆಳಗಿದ್ದರೆ ಮೊಣಕಾಲು ನೋಯುತ್ತದೆ, 4 ಕಿಲೋಮೀಟರ್ 8 ಕಿಲೋಮೀಟರ್ ಆದಂತೆ ಅನ್ನಿಸುತ್ತದೆ. ಹೊಸದಾಗಿ ಕಲಿಯುವವರಿಗೆ ಮಾತ್ರ ಎರಡೂ ಕಾಲು ನೆಲಕ್ಕೆ ಸಿಗುವಷ್ಟು ಕೆಳಗೆ ಇಡಿ, ಧೈರ್ಯ ಬಂದ ಮೇಲೆ ಏರಿಸಿ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಇರುತ್ತದೆ, ಅದು ಹೊರಗೆ ಕಾಣುವಷ್ಟು ಮೇಲೆ ಎಳೆಯಬಾರದು. ಬೆಳೆಯುವ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಇದನ್ನು ನೋಡಬೇಕು. ಇದಕ್ಕೆ ಬೇಕಾದದ್ದು ಒಂದು ಪಾನಾ ಮತ್ತು ಐದು ನಿಮಿಷ.

ಎರಡನೆಯದು ಗಾಲಿ. ಎಷ್ಟು ಹವಾ ಬೇಕು ಎಂಬುದನ್ನು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಹವಾ ಕಡಿಮೆಯಿದ್ದರೆ ತುಳಿಯುವುದು ಭಾರ, ಕಲ್ಲು ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. "ಹವಾ ನಿಲ್ಲಂಗಿಲ್ಲ" ಅನ್ನುವ ಎಷ್ಟೋ ಸೈಕಲ್ಲಿನಲ್ಲಿ ಪಂಕ್ಚರ್ ಆಗಿರುವುದೇ ಇಲ್ಲ. ಹಳೆಯ ಮಾದರಿಯ ವಾಲ್ವಿನ ಒಳಗೆ ಒಂದು ಸಣ್ಣ ರಬ್ಬರ್ ನಳಿಕೆ ಇರುತ್ತದೆ, ವಾಲ್‌ಟ್ಯೂಬು ಅಂತೀವಿ. ಬಿಸಿಲಿಗೆ ಅದು ಹರಿಯುತ್ತದೆ. ಚಹಾದ ಬೆಲೆಗೂ ಕಡಿಮೆ ದುಡ್ಡಿನ ವಸ್ತು ಅದು. ಅದಿಲ್ಲದೆ ಒಂದು ಸೈಕಲ್ ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಇನ್ನು ನಿಜವಾದ ಪಂಕ್ಚರ್ ಆದರೆ ಟ್ಯೂಬಿಗೆ ತೇಪೆ ಹಚ್ಚುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಜಾಲಿಮುಳ್ಳು ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಅದೇ ಮುಳ್ಳು ನಾಳೆ ಮತ್ತೆ ಚುಚ್ಚುತ್ತದೆ.

ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಬಂದದ್ದೇ ಒಂದು ಮಗುವಿನ ಸಲುವಾಗಿ. ಬೆಲ್‌ಫಾಸ್ಟ್‌ನಲ್ಲಿ ದನಗಳ ಡಾಕ್ಟರ್ ಆಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ ಕಲ್ಲು ಹಾದಿಯಲ್ಲಿ ಕುಲುಕುವುದನ್ನು ನೋಡಿ ಅದಕ್ಕೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿದ. 1888ರಲ್ಲಿ ಪೇಟೆಂಟ್ ಪಡೆದ. ಸೈಕಲ್ಲನ್ನು ಓಡಿಸುವವರಿಗೆ ಹೊಂದಿಸುವುದು ಹಳೆಯ, ಗೌರವದ ಕೆಲಸ.

ಮೂರನೆಯದು ಚೈನ್. ಕೈಯಿಂದ ಮೇಲೆ ಕೆಳಗೆ ಆಡಿಸಿದರೆ ಸುಮಾರು ಅರ್ಧ ಇಂಚು ಸಡಿಲ ಇರಬೇಕು. ಅದಕ್ಕಿಂತ ಬಹಳ ಹೆಚ್ಚಾದರೆ ಬೀಳುತ್ತದೆ. ಹಿಂದಿನ ಗಾಲಿಯ ನಟ್ ಸಡಿಲಿಸಿ, ಗಾಲಿಯನ್ನು ಹಿಂದಕ್ಕೆ ಎಳೆದು, ನೇರ ನೋಡಿ ಬಿಗಿ ಮಾಡಿದರೆ ಮುಗಿಯಿತು. ಚೈನ್ ಸವೆದಿದೆಯೇ ಎಂದು ತಿಳಿಯಲು ಶಾಲೆಯ ಪಟ್ಟಿ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಹಾಗಾದರೆ 24 ಕೊಂಡಿಗೆ 12 ಇಂಚು. ಅಳೆದಾಗ 12 ಇಂಚಿನ ಮೇಲೆ ಒಂದು ಸೂತ, ಅಂದರೆ ಇಂಚಿನ ಎಂಟನೇ ಒಂದು ಭಾಗ, ಹೆಚ್ಚು ಬಂದರೆ ಚೈನ್ ಬದಲಿಸಬೇಕು. ಎಣ್ಣೆ ವಿಷಯದಲ್ಲಿ ಒಂದು ಮಾತು. ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಅಥವಾ ಗ್ರೀಸ್ ಬಳಿಯಬೇಡಿ. ನಮ್ಮ ಎರೆಮಣ್ಣಿನ ಧೂಳು ಅದಕ್ಕೆ ಅಂಟಿ ಸಾಣೆಕಲ್ಲಿನಂತೆ ಹಲ್ಲನ್ನು ತಿನ್ನುತ್ತದೆ. ಚೈನನ್ನು ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಗೊಂದು ಹನಿ ಬಿಟ್ಟು, ಹೊರಗಿನದನ್ನು ಮತ್ತೆ ಒರೆಸಿ.

ಗಣಿತ ಇಷ್ಟಪಡುವ ಮಕ್ಕಳಿಗೆ ಒಂದು ಲೆಕ್ಕ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಒಂದು ಸುತ್ತು ತುಳಿದಾಗ ಗಾಲಿ ಎಷ್ಟು ಸುತ್ತು ತಿರುಗುತ್ತದೆ? ಭಾಗಿಸಿದರೆ ಸುಮಾರು 2.44. ಗಾಲಿಯ ಸುತ್ತಳತೆ 2 ಮೀಟರ್ ಹಿಡಿದರೆ ನೀವು 5 ಮೀಟರಿಗೆ ಹತ್ತಿರ ಮುಂದೆ ಹೋಗುತ್ತೀರಿ. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ 4 ಮೀಟರ್ ಮಾತ್ರ, ಆದರೆ ತುಳಿಯುವುದು ಹಗುರ. ದಿನಾಲೂ ಏರು ಹತ್ತುವವರಿಗೆ, ಹಿಂದೆ ತಂಗಿಯನ್ನು ಕೂರಿಸಿಕೊಂಡು ಬರುವವರಿಗೆ ಅದೇ ಒಳ್ಳೆಯದು.

ನಾಲ್ಕನೆಯದು ಕ್ಯಾರಿಯರ್. ಮಕ್ಕಳು ಪುಸ್ತಕದ ಭಾರವನ್ನೆಲ್ಲ ಬೆನ್ನಿಗೆ ಹಾಕಿಕೊಂಡು ಓಡಿಸುತ್ತಾರೆ. ಬೆನ್ನು ಬೆವರುತ್ತದೆ, ಭುಜ ನೋಯುತ್ತದೆ, ಮೇಲಿನ ಭಾರದಿಂದ ಸೈಕಲ್ ಓಲಾಡುತ್ತದೆ. ನಮ್ಮ ಹಿರಿಯರು ಹಸಿಬೆ ಚೀಲ ಹೆಗಲಿಗೆ ಹಾಕಿ ಸಂತೆಗೆ ಹೋಗುತ್ತಿದ್ದರಲ್ಲ, ಅದನ್ನೇ ದೊಡ್ಡದಾಗಿ ಹೊಲಿಸಿ ಕ್ಯಾರಿಯರಿನ ಎರಡೂ ಬದಿಗೆ ಇಳಿಬಿಟ್ಟರೆ ಭಾರ ಸಮವಾಗಿ ಕೆಳಗೆ ಕೂರುತ್ತದೆ. ಗೊಬ್ಬರದ ಖಾಲಿ ಚೀಲವನ್ನು ಚೆನ್ನಾಗಿ ತೊಳೆದು ಹೊಲಿದರೂ ಆಗುತ್ತದೆ. ಚೀಲದ ಮೂಲೆ ಗಾಲಿಗೆ ತಾಗದಂತೆ ಒಳಗೊಂದು ರಟ್ಟು ಇಡಿ. ಹೆಣ್ಣುಮಕ್ಕಳ ಸೈಕಲ್ಲಿಗೆ ಹಿಂದಿನ ಗಾಲಿಯ ಎರಡೂ ಪಕ್ಕ ಜಾಳಿಗೆ ಕಟ್ಟಿಸಿ, ಓಢಣಿ ಕಡ್ಡಿಗೆ ಸಿಕ್ಕಿಕೊಳ್ಳುವ ಅಪಾಯ ತಪ್ಪುತ್ತದೆ. ಚೈನ್ ಕವರ್ ಕಿತ್ತು ಬಿಸಾಡಬೇಡಿ.

ಐದನೆಯದು ಮಳೆಗಾಲ. ನಮ್ಮ ಎರೆಮಣ್ಣು ಹಸಿಯಾದರೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಡಗಾರ್ಡಿನ ಒಳಗೆ ತುಂಬಿ ಗಾಲಿ ತಿರುಗದಂತಾಗುತ್ತದೆ, ಸೈಕಲ್ಲನ್ನೇ ಹೊತ್ತುಕೊಂಡು ಬರಬೇಕಾಗುತ್ತದೆ. ಮಡಗಾರ್ಡ್ ಕಿತ್ತು ಹಾಕುವುದು ಅದಕ್ಕೆ ಪರಿಹಾರವಲ್ಲ, ಸಮವಸ್ತ್ರ ಕೆಸರಾಗುತ್ತದೆ. ಅದರ ಕಡ್ಡಿಗಳನ್ನು ಸಡಿಲಿಸಿ ಟೈರಿನಿಂದ ಎರಡು ಬೆರಳು ಮೇಲಕ್ಕೆ ಏರಿಸಿ ಕಟ್ಟಿ. ಕೆರೆಯಲು ಒಂದು ಬಿದಿರಿನ ಚಕ್ಕೆ ಚೀಲದಲ್ಲಿರಲಿ. ಸ್ಟೀಲ್ ರಿಮ್ಮು ನೆನೆದಾಗ ಬ್ರೇಕ್ ಬೇಗ ಹಿಡಿಯುವುದಿಲ್ಲ. ಮೊದಲು ಮೆಲ್ಲಗೆ ಒತ್ತಿ ನೀರು ಒರೆಸಿಕೊಂಡು, ಆಮೇಲೆ ಜೋರಾಗಿ ಒತ್ತಬೇಕು.

ಕೊನೆಯದು ಬೆಳಕು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಾತ್ರಿ ಹಗಲು ಓಡುತ್ತವೆ. ಸ್ಪೆಷಲ್ ಕ್ಲಾಸ್ ಮುಗಿಸಿ ಹೋಗುವಾಗ ಕತ್ತಲಾಗಿರುತ್ತದೆ. ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಒಂದು ಸಣ್ಣ ದೀಪ, ಕೇಳಿಸುವ ಗಂಟೆ, ಈ ಮೂರು ಇಲ್ಲದೆ ಮಗುವನ್ನು ರಸ್ತೆಗೆ ಕಳಿಸಬೇಡಿ. ಪೆಡಲಿಗೂ ರಿಫ್ಲೆಕ್ಟರ್ ಇದ್ದರೆ ಒಳ್ಳೆಯದು. ಮೇಲೆ ಕೆಳಗೆ ಆಡುವ ಬೆಳಕು ದೂರದಿಂದಲೇ ಸೈಕಲ್ ಅಂತ ಗುರುತು ಹೇಳುತ್ತದೆ.

ಇದನ್ನೆಲ್ಲ ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ 11 ಕಿಲೋಮೀಟರ್ ನಾನು ಸೈಕಲ್ಲಿನಲ್ಲೇ ಹೋಗುತ್ತೇನೆ. ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡು ಅದಕ್ಕೆ ಮಡಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ದೀಪ ಹಾಕಿಸಿದಾಗ ಅಂಗಡಿಯವರು, "ಸಾರ್, ಇದು ಹಾಲು ಹಾಕೋರ ಸೈಕಲ್ ಆಯ್ತಲ್ಲ" ಎಂದು ನಕ್ಕರು. "ಹೌದು, ನನಗೆ ಅದೇ ಬೇಕಿತ್ತು" ಅಂದೆ. ಹಾಲು ಹಾಕುವವರು ಮಳೆಯಿರಲಿ ಚಳಿಯಿರಲಿ ದಿನಾಲೂ ಬರುತ್ತಾರೆ. ದಿನಾಲೂ ಬರಬೇಕಾದವರಿಗೆ ಬೇಕಾದದ್ದು ಅಂಥ ಸೈಕಲ್ಲೇ. ಹೊಸದು ಕೊಳ್ಳುವ ತಂದೆತಾಯಂದಿರಿಗೂ ಇದೇ ನನ್ನ ವಿನಂತಿ. ದಪ್ಪ ಟೈರು, ಎದುರಿಗೆ ಸ್ಪ್ರಿಂಗು, ಮಡಗಾರ್ಡಿಲ್ಲ, ಕ್ಯಾರಿಯರಿಲ್ಲ, ಇಂಥ ಸೈಕಲ್ ನೋಡಲು ಚಂದ. ತುಳಿಯಲು ಭಾರ, ಶಾಲೆಯ ಚೀಲಕ್ಕೆ ಜಾಗವಿಲ್ಲ.

"ಈಗ ಎಲ್ಲರ ಮನೆಯಲ್ಲಿ ಬೈಕ್ ಇದೆಯಲ್ಲ, 2023ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸೂ ಉಚಿತ" ಎಂದು ಕೆಲವರು ಹೇಳಬಹುದು. ಬಸ್ ಬರುವಲ್ಲಿ ಖಂಡಿತ ಬಸ್ಸಿನಲ್ಲಿ ಬರಲಿ. ಆದರೆ ಹೊಲದ ಹಾದಿಗೆ ಬಸ್ ಬರುವುದಿಲ್ಲ, ಸ್ಪೆಷಲ್ ಕ್ಲಾಸ್ ಬಿಡುವವರೆಗೆ ಕಾಯುವುದೂ ಇಲ್ಲ. ಬೈಕಿನ ವಿಷಯ ಕೇಳಿ. ಗೇರ್ ಬೈಕಿನ ಲೈಸೆನ್ಸಿಗೆ 18 ವರ್ಷ ಆಗಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಮಗು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅದಕ್ಕಿಂತ ದೊಡ್ಡ ದಂಡ ಯಾವುದೆಂದು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಬೈಕ್ ಇರುವ ಮನೆಯಲ್ಲೂ ಅದು ಮೊದಲು ಅಪ್ಪನಿಗೆ, ಆಮೇಲೆ ಅಣ್ಣನಿಗೆ. ತಂಗಿಯ ಸರದಿ ಬರುವುದೇ ಇಲ್ಲ. ಸೈಕಲ್ ಮಾತ್ರ ಅವಳದೇ, ಯಾರನ್ನೂ ಕೇಳಬೇಕಾಗಿಲ್ಲ.

ಈಗ ನನ್ನ ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ರಂಗಮಂಟಪ ಕಟ್ಟೋಣ, ನಾನೂ ಕೈಲಾದಷ್ಟು ಕೊಡುತ್ತೇನೆ. ಅದರ ಜೊತೆಗೆ ಶಾಲೆಯ ಒಂದು ಮೂಲೆಯಲ್ಲಿ ಒಂದು ಪೆಟ್ಟಿಗೆ ಇಡೋಣ. ಅದರಲ್ಲಿ ನಾಲ್ಕಾರು ಪಾನಾ, ಪಂಕ್ಚರ್ ಸಾಮಾನು, ವಾಲ್‌ಟ್ಯೂಬು, ಬ್ರೇಕ್ ರಬ್ಬರ್, ಎಣ್ಣೆ ಇರಲಿ, ಪಕ್ಕದಲ್ಲಿ ಒಂದು ಹವಾ ಪಂಪು. 2010ರಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ನಮ್ಮ ಬ್ಯಾಚಿನವರು ಇದರ ಖರ್ಚು ಹೊರುತ್ತೇವೆ, ಪ್ರತಿ ವರ್ಷ ತುಂಬಿಸಿಕೊಡುತ್ತೇವೆ. ತಿಂಗಳಿಗೊಂದು ಶನಿವಾರ ಶಾಲೆ ಬಿಟ್ಟ ಮೇಲೆ ಸೈಕಲ್ ರಿಪೇರಿ ಬಲ್ಲವರನ್ನು ಗೌರವಧನ ಕೊಟ್ಟು ಕರೆಯೋಣ. ಅವರೂ ಗುರುಗಳೇ. ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ತಮ್ಮ ಕೈಯಿಂದಲೇ ಚೈನ್ ಬಿಗಿ ಮಾಡಲಿ. ಎಡಗಡೆಯ ಪೆಡಲ್ ಬಿಚ್ಚುವಾಗ ಉಲ್ಟಾ ತಿರುಗಿಸಬೇಕು, ಅದರ ಥ್ರೆಡ್ಡೇ ಬೇರೆ, ಎಂಬುದನ್ನು ಅವರು ಒಮ್ಮೆ ಕೈಯಿಂದ ಮಾಡಿ ಕಲಿತರೆ ಮರೆಯುವುದಿಲ್ಲ. ರೈಟ್ ಸಹೋದರರು ಸೈಕಲ್ ಅಂಗಡಿ ನಡೆಸುತ್ತಿದ್ದವರು. 1903ರಲ್ಲಿ ಹಾರಿದ ಅವರ ವಿಮಾನದ ಪಂಕಗಳನ್ನು ತಿರುಗಿಸಿದ್ದೂ ಚೈನೇ. ಪಾನಾ ಹಿಡಿದ ಕೈ ಎಲ್ಲಿಯವರೆಗೂ ಹೋಗಬಹುದು.

ಊರಿನ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ. ನಿಮ್ಮ ಕೊಟ್ಟಿಗೆಯ ಸೈಕಲ್ ಗುಜರಿಗೆ ಹಾಕಬೇಡಿ. ನಿಮಗೆ ಬೇಡವಾದರೆ ಶಾಲೆಗೆ ತನ್ನಿ. ಎರಡು ಹಳೆಯದರಿಂದ ಒಂದು ಓಡುವ ಸೈಕಲ್ ಮಾಡಬಹುದು. ಅದನ್ನು ದೂರದಿಂದ ನಡೆದು ಬರುವ ಮಗುವಿಗೆ, ಆ ಮಗುವಿನ ಎತ್ತರಕ್ಕೆ ಹೊಂದಿಸಿ ಕೊಡೋಣ. 10ನೇ ತರಗತಿ ಮುಗಿದ ಮೇಲೆ ಅದು ಮತ್ತೊಂದು ಮಗುವಿಗೆ ಹೋಗಲಿ.

ಈ ಶಾಲೆ ಐವತ್ತು ವರ್ಷ ನಮ್ಮನ್ನೆಲ್ಲ ಒಂದೇ ಅಳತೆಯಲ್ಲಿ ನೋಡಲಿಲ್ಲ. ನಿಧಾನ ಕಲಿಯುವವನಿಗೆ ನಿಧಾನವಾಗಿ, ಚುರುಕಿದ್ದವನಿಗೆ ಮುಂದಿನ ಪಾಠ ಹೇಳಿ ಕಲಿಸಿದ ಗುರುಗಳು ಇಲ್ಲಿ ಕುಳಿತಿದ್ದಾರೆ. ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ.  ಊಟ ಆದ ಮೇಲೆ ಧ್ವಜಕಟ್ಟೆಯ ಹತ್ತಿರ ನಾನು ಪಾನಾ, ಪಂಪು ಇಟ್ಟುಕೊಂಡು ಕೂತಿರುತ್ತೇನೆ. ಸೈಕಲ್ ತಂದ ಮಕ್ಕಳು ಬನ್ನಿ, ಸೀಟಿನಿಂದ ಶುರು ಮಾಡೋಣ.

ಜೈ ಹಿಂದ್, ಜೈ ಕರ್ನಾಟಕ.